ಒಂಬತ್ತನೇ ಅಧ್ಯಾಯದ ನೂರು ರಾತ್ರಿ

ದೆಲೈವಾಯ್, ಕೊರೊ ದ್ವೀಪ, ಫಿಜಿ
೩ ಮಾರ್ಚ್ ೧೯೯೮

ಹೆಸ್ಟರ್ ಟೀಚರ್ ಅವರಿಗೆ, ಅಮಿನಿಯಾಸಿಯ ನಮಸ್ಕಾರಗಳು.

ಈ ಪೊಟ್ಟಣ ಬಿಚ್ಚುವ ಮೊದಲು ಒಂದು ಕುರ್ಚಿ ಎಳೆದುಕೊಳ್ಳಿ. ಒಳಗೆ ಇನ್ನೂರ ಹನ್ನೆರಡು ಪುಟಗಳಿವೆ. ಇದು ಕಾರ್ಬನ್ ಪ್ರತಿ, ಅಸಲು ನನ್ನ ಹತ್ತಿರ ಇದೆ. ನಲವತ್ತೆರಡು ವರ್ಷದ ಹಿಂದೆ ಲೆವುಕಾದ ಶಾಲೆಯಲ್ಲಿ ನನ್ನ ಪ್ರಬಂಧದ ಕೆಳಗೆ ನೀವು ಕೆಂಪು ಶಾಯಿಯಲ್ಲಿ ಬರೆದಿದ್ದಿರಿ: "ಇವನಿಗೆ ಶುರು ಮಾಡಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ." ನೋಡಿ, ಈ ಸಲ ನಿಲ್ಲಿಸಿದ್ದೇನೆ. ಕೊನೆಯ ಪುಟದಲ್ಲಿ 'ಮುಗಿಯಿತು' ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದೇನೆ, ನಿಮಗೆ ಅನುಮಾನ ಉಳಿಯಬಾರದೆಂದು.

ಇದು ನನ್ನ ಹಾಯಿದೋಣಿ ಸೆನಿಬುವಾದ ಕಥೆ, ಅಂದರೆ ನನ್ನದೇ ಕಥೆ. ಸ್ವಂತಕ್ಕೆ ಒಂದು ಹುಟ್ಟೂ ಇಲ್ಲದವನು ಊರೂರಿನ ಕೊಬ್ಬರಿ ಸಾಗಿಸಿ, ಅಂಗಡಿ ಇಟ್ಟು, ಈಗ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನಾದ ಬಗೆ. ಕ್ರಿಸ್‌ಮಸ್ಸಿಗೆ ಸುವಾಕ್ಕೆ ಹೋದವರೆಲ್ಲ ಊರಿಗೆ ಬರುತ್ತಾರೆ. ಅಷ್ಟರೊಳಗೆ ಪುಸ್ತಕ ಕೈಯಲ್ಲಿರಬೇಕು. ಕಾಗುಣಿತ ನೋಡಿ, ಅಲ್ಪವಿರಾಮ ನೋಡಿ, ಮುಂದಿನ ಟಪಾಲಿಗೇ ಕಳಿಸಿ. ಹೆಚ್ಚು ಕೆಲಸವಿರಲಾರದು.

ನಿಮ್ಮ
ಅಮಿನಿಯಾಸಿ

ಡನೀಡನ್, ನ್ಯೂಜಿಲೆಂಡ್
೨ ಏಪ್ರಿಲ್ ೧೯೯೮

ಪ್ರಿಯ ಅಮಿನಿಯಾಸಿ,

ಓದಿದೆ, ಎರಡು ಸಲ. ನಿನ್ನ ಕೊಬ್ಬರಿಯ ವಾಸನೆ ನನ್ನ ಅಡುಗೆಮನೆಗೂ ಬಂತು. ಹಂದಿಮರಿ ದೋಣಿಯಲ್ಲಿ ತಪ್ಪಿಸಿಕೊಂಡ ಅಧ್ಯಾಯ ಓದುವಾಗ ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯವರು ವಿಚಾರಿಸಲು ಬಂದರು.

ಈಗ ಕೇಳು. ಇದನ್ನು ಅಚ್ಚಿಗೆ ಕೊಡಬೇಡ. ತಿದ್ದಲೂ ಬೇಡ. ಕಟ್ಟಿ ಒಂದು ಪೆಟ್ಟಿಗೆಯಲ್ಲಿ ಹಾಕಿ ಆರು ತಿಂಗಳು ಅದರ ಹತ್ತಿರ ಹೋಗಬೇಡ. ಕಿತ್ತಳೆ ಸಿಪ್ಪೆಯ ಮಾರ್ಮಲೇಡ್ ಕುದಿಯುತ್ತಿರುವಾಗ ರುಚಿ ನೋಡಿದವಳಿಗೆ ಸಿಹಿಯೂ ತಿಳಿಯುವುದಿಲ್ಲ, ಕಹಿಯೂ ತಿಳಿಯುವುದಿಲ್ಲ. ನಾಲಿಗೆ ಸುಡುತ್ತದೆ, ಅಷ್ಟೇ. ಬರೆದವನು ಮರೆತ ಮೇಲೆ ಓದುವವನಾಗುತ್ತಾನೆ. ಆಮೇಲೆ ನೀನೇ ತಿದ್ದು.

ಕಾರಣ ಇಷ್ಟೇನಾ ಎಂದು ಕೇಳಬೇಡ.

ಹೆಸ್ಟರ್ ಕಿನ್‌ರಾಸ್

ದೆಲೈವಾಯ್
೨೫ ಏಪ್ರಿಲ್ ೧೯೯೮

ಟೀಚರ್,

ಅರ್ಥವಾಯಿತು. ಪುಸ್ತಕ ನಿಮಗೆ ಹಿಡಿಸಲಿಲ್ಲ, ಹೇಳಲು ದಾಕ್ಷಿಣ್ಯ. ಹಂದಿಮರಿಯನ್ನು ಹೊಗಳಿ ಯಜಮಾನನನ್ನು ಬಿಟ್ಟಿರಿ. ನಾನು ಮೂವತ್ತು ವರ್ಷ ವ್ಯಾಪಾರ ಮಾಡಿದವನು. "ಆಮೇಲೆ ಬರ್ತೀನಿ" ಎಂದ ಗಿರಾಕಿ ಬರುವುದಿಲ್ಲ ಎಂದು ನನಗೆ ಗೊತ್ತು.

ಆದರೂ ನಿಮ್ಮ ಮಾತು ತೆಗೆದುಹಾಕಿದರೆ ನನ್ನ ಕಿವಿ ಇಲ್ಲೇ ಕೆಂಪಾಗುತ್ತದೆ. ಹಾಗಾಗಿ ಚೌಕಾಸಿ ಮಾಡೋಣ. ನಿಮ್ಮದು ಆರು ತಿಂಗಳು, ನನ್ನದು ಒಂದು ವಾರ. ನಮ್ಮಲ್ಲಿ ನಾಯಕ ತೀರಿಕೊಂಡರೆ ಹವಳದ ದಿಬ್ಬಕ್ಕೆ ಕೋಲು ನೆಟ್ಟು ನೂರು ರಾತ್ರಿ ಯಾರೂ ಮೀನು ಹಿಡಿಯುವುದಿಲ್ಲ. ನಾಯಕನಿಗೆ ಸಿಗುವ ಮರ್ಯಾದೆಗಿಂತ ಹೆಚ್ಚಿನದನ್ನು ನನ್ನ ಹಾಳೆಗಳು ಕೇಳಬಾರದು. ನೂರು ರಾತ್ರಿ. ಇದೇ ಕೊನೆಯ ಮಾತು.

ಅಮಿನಿಯಾಸಿ

ಡನೀಡನ್
೧೧ ಮೇ ೧೯೯೮

ನೂರು. ಒಪ್ಪಿದೆ. ತೊಂಬತ್ತೊಂಬತ್ತಲ್ಲ.

ನನ್ನ ಬೀರುವಿನಲ್ಲೂ ಒಂದು ಹಸ್ತಪ್ರತಿ ಇದೆ, ಮೂವತ್ತೊಂದು ವರ್ಷದಿಂದ. ಅದು ವಿಶ್ರಾಂತಿಯಲ್ಲ, ಸಮಾಧಿ. ನಿನ್ನದು ಹಾಗಾಗಲು ನಾನು ಬಿಡುವುದಿಲ್ಲ, ಹೆದರಬೇಡ. ಆದರೆ ನಡುವೆ ಬಲೆ ಹಾಕಬೇಡ.

ಹೆ.ಕಿ.

ದೆಲೈವಾಯ್
೬ ಜೂನ್ ೧೯೯೮

ಟೀಚರ್,

ತಪ್ಪೊಪ್ಪಿಗೆ ಮೊದಲು. ನಿಮ್ಮ ಕಾಗದ ಬಂದ ದಿನವೇ ಕಟ್ಟನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ನಾಲ್ಕನೇ ದಿನ ತೆಗೆದೆ. ಬೆಳಿಗ್ಗೆ ಹದಿನೇಳು ಅಲ್ಪವಿರಾಮ ಹೊಡೆದು ಹಾಕಿದೆ, ಸಂಜೆಗೆ ಹದಿನಾರನ್ನು ವಾಪಸು ಕೂರಿಸಿದೆ. ಆಮೇಲೆ ಅಟ್ಟದ ಮೇಲೆ ಇಟ್ಟೆ, ಏಣಿ ಹಾಕಿದೆ. ಪಾದ್ರಿಗಳ ಕೈಗೆ ಕೊಟ್ಟೆ. ಅವರಿಗೆ ಹುಷಾರಿಲ್ಲವೇನೋ ನೋಡಿಬರೋಣ ಎಂಬ ನೆಪದಲ್ಲಿ ಹೋಗಿ ತಂದೆ. ಅವರು ಗುಂಡುಕಲ್ಲಿನಂತೆ ಇದ್ದರು.

ಕಡೆಗೆ ಬುದ್ಧಿ ಓಡಿತು. ಕದ್ದರೂ ತೆರೆಯಲಾಗದ ಪೆಟ್ಟಿಗೆ ಈ ಊರಲ್ಲಿ ಒಂದೇ ಇದೆ: ನನ್ನ ತಂಗಿ ಲಿತಿಯಾನಾಳ ತಗಡಿನ ಟ್ರಂಕು. ಅವಳಿಗೆ ಹತ್ತು ತುಂಬಿದಾಗಿನಿಂದ ನಾನೂ ಅವಳೂ ನೇರ ಒಂದು ಮಾತು ಆಡಿಲ್ಲ. ಅಣ್ಣ-ತಂಗಿಯ ಮರ್ಯಾದೆ ಏನೆಂದು ನೀವು ಇಲ್ಲಿದ್ದಾಗ ನೋಡಿದ್ದೀರಿ. ಅವಳಿರುವ ಮನೆಗೆ ನುಗ್ಗುವ ಹಾಗಿಲ್ಲ, ಅವಳನ್ನು ಒಂದು ಲೋಟ ನೀರೂ ಕೇಳುವ ಹಾಗಿಲ್ಲ. ಬ್ಯಾಂಕಿನ ಕಪಾಟಿಗಾದರೂ ಬೀಗದ ಕೈ ಇರುತ್ತದೆ.

ಅವಳು ಓದಿಯಾಳು ಎಂಬ ಚಿಂತೆ ಬೇಡ. ಅವಳ ಗಂಡ ಸಮಿಸೋನಿ ಒಂಬತ್ತನೇ ಅಧ್ಯಾಯದಲ್ಲಿ ಬರುತ್ತಾನೆ, ನಿಜ. ಆದರೆ ಅಣ್ಣನ ವಸ್ತುವನ್ನು ಅವಳು ಮುಟ್ಟುವವಳಲ್ಲ. ಅವಳು ಓದುವುದು ಬೈಬಲ್ಲು, ಅದೂ ಭಾನುವಾರ.

ಮೊನ್ನೆ ಸೋಮವಾರ, ಜೂನ್ ಒಂದರಂದು, ಅವಳ ಮಗಳು ಮಕೆರೆತಾಳ ಕೈಲಿ ಕಟ್ಟನ್ನು ಕಳಿಸಿದೆ. ಇಪ್ಪತ್ತೇಳರ ಹುಡುಗಿ, ಇಲ್ಲಿನ ಶಾಲೆಯಲ್ಲೇ ಮೇಡಂ. ತಂಗಿಯ ಮಕ್ಕಳಿಗೆ ಸೋದರಮಾವನ ಮನೆಯ ಸೊತ್ತಿನ ಮೇಲೆ ಇರುವ ಹಕ್ಕನ್ನು ಇವಳಷ್ಟು ಶ್ರದ್ಧೆಯಿಂದ ಚಲಾಯಿಸಿದವರನ್ನು ನಾನು ಕಂಡಿಲ್ಲ. ಈ ವರ್ಷ ನನ್ನ ಹೊಸ ಛತ್ರಿ ಹೋಯಿತು, ಎರಡು ಕೋಳಿ ಹೋದವು, ಗೋಡೆ ರೇಡಿಯೋದ ಮೇಲೆ ಕಣ್ಣಿದೆ. ಬೇಡ ಎನ್ನಲು ಮಾವನಿಗೆ ಬಾಯಿಲ್ಲ. "ಹುಷಾರಾಗಿ ಒಯ್ಯೇ" ಎಂದೆ. "ನಿಮ್ಮ ಕೋಳಿಗಿಂತ ಹಗುರ ಇದೆ ಮಾವ" ಎಂದಳು.

ಇನ್ನು ತೊಂಬತ್ತೈದು ರಾತ್ರಿ.

ಅಮಿನಿಯಾಸಿ

ಡನೀಡನ್
೨೪ ಜೂನ್ ೧೯೯೮

ಅಮಿನಿಯಾಸಿ,

ಲಿತಿಯಾನಾ ಮುಟ್ಟುವುದಿಲ್ಲ, ಒಪ್ಪಿದೆ. ಹೊತ್ತುಕೊಂಡು ಹೋದವಳು? ನಿನ್ನ ಛತ್ರಿಯನ್ನು ತನ್ನದೆಂದು ಒಯ್ದವಳು ಕಾಗದವನ್ನು ನಿನ್ನದೆಂದು ಬಿಡುತ್ತಾಳೆಯೇ? ಅದೂ ಅವಳ ಅಪ್ಪ ಅದರೊಳಗಿರುವಾಗ? ಇಂದೇ ಯಾರನ್ನಾದರೂ ಕಳಿಸಿ ಆ ಕಟ್ಟನ್ನು ತರಿಸಿ ಪಾದ್ರಿಗಳಿಗೇ ಕೊಡು.

ಅಥವಾ ಬೇಡ. ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ.

ಹೆ.ಕಿ.

ದೆಲೈವಾಯ್
೧೧ ಜುಲೈ ೧೯೯೮

ಟೀಚರ್,

ನಿಮ್ಮಿಂದ ಕಾಗದವಿಲ್ಲ. ಹಡಗೂ ಇಲ್ಲ, ಲೆವುಕಾದಲ್ಲಿ ಎಂಜಿನ್ ಕೆಟ್ಟು ಕೂತಿದೆಯಂತೆ. ಇದನ್ನು ಒಂದು ಮೀನುದೋಣಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನೆಗೆ ನಲವತ್ತು ರಾತ್ರಿ. ನೀವು ಹೇಳಿದ ಹಾಗೆ ಪುಸ್ತಕ ಮರೆಯುತ್ತಿದೆ. ವಿಚಿತ್ರವೆಂದರೆ ಅದರ ಜಾಗಕ್ಕೆ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದೆಲ್ಲ ಬಂದು ಕೂರುತ್ತಿದೆ. ಮೊನ್ನೆ ಗಿರಾಕಿಗೆ ಸಕ್ಕರೆ ತೂಗುತ್ತಿದ್ದವನು ತಕ್ಕಡಿ ಹಿಡಿದು ಹಾಗೇ ನಿಂತಿದ್ದೆನಂತೆ. "ಅಣ್ಣಾ, ಸಕ್ಕರೆಗೆ ಮಂತ್ರ ಹಾಕ್ತಿದೀಯಾ?" ಎಂದ. ಏನು ನೆನಪಾಗಿತ್ತೆಂದು ನಿಮಗೆ ಬರೆಯುವಷ್ಟು ದೊಡ್ಡ ಸಂಗತಿಯೇನಲ್ಲ.

ಮಕೆರೆತಾ ಮೂರು ವಾರದಿಂದ ಅಂಗಡಿ ಕಡೆ ಬಂದಿಲ್ಲ. ಶಾಲೆಯಲ್ಲಿ ಪರೀಕ್ಷೆ ಇರಬೇಕು. ನನ್ನ ಕೋಳಿಗಳು ನೆಮ್ಮದಿಯಾಗಿವೆ.

ಅಮಿನಿಯಾಸಿ

ದೆಲೈವಾಯ್
೧೨ ಸೆಪ್ಟೆಂಬರ್ ೧೯೯೮

ಟೀಚರ್,

ನಿಮ್ಮ ಜೂನ್ ತಿಂಗಳ ಎಚ್ಚರಿಕೆ ನಿನ್ನೆ ಬಂದು ತಲುಪಿತು. ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡೆ. ಎರಡು ದಿನ ಮೊದಲೇ ಎಲ್ಲ ಮುಗಿದಿತ್ತು.

ಒಂಬತ್ತನೇ ತಾರೀಕು ಬೆಳಿಗ್ಗೆ, ನೂರು ರಾತ್ರಿ ಸರಿಯಾಗಿ ತುಂಬಿದ ಮೇಲೆ, ಮಕೆರೆತಾ ಅಂಗಡಿಗೆ ಬಂದು ಕಟ್ಟನ್ನು ಕಟ್ಟೆಯ ಮೇಲಿಟ್ಟಳು. ಕೇದಗೆಯ ಚಾಪೆಯಲ್ಲಿ ಸುತ್ತಿತ್ತು. ನನ್ನ ಅಭ್ಯಾಸ ನಿಮಗೆ ಗೊತ್ತು, ಎಣಿಸಿದೆ. ನೂರ ತೊಂಬತ್ತೆಂಟು. ಬೆರಳಿಗೆ ಎಂಜಲು ಹಚ್ಚಿ ಮತ್ತೆ ಎಣಿಸಿದೆ.

"ಹದಿನಾಲ್ಕು ಕಮ್ಮಿ ಇದೆ ಕಣೇ."

"ಗೊತ್ತು ಮಾವ. ನಾನೇ ತಗೊಂಡಿದೀನಿ."

"ಏನು ತಗೊಂಡೆ?"

"ಒಂಬತ್ತನೇ ಅಧ್ಯಾಯ. ಮಾವನ ಮನೇದು, ಬೇಕು ಅನ್ನಿಸ್ತು, ತಗೊಂಡೆ. ಛತ್ರಿ ತಗೊಂಡಾಗ ಸುಮ್ನಿದ್ರಲ್ಲ."

"ಛತ್ರಿ ಹೋದ್ರೆ ಇನ್ನೊಂದು ತಗೋಬಹುದು. ಇದು ನಾನು ಬರೆದಿದ್ದು."

"ಹಂಗಾದ್ರೆ ಇನ್ನೊಂದು ಬರೀರಿ."

"ಓದಿದ್ಯಾ?"

"ಓದಿದೆ. ಅಮ್ಮಂಗೂ ಓದಿ ಹೇಳ್ದೆ. ಅವಳು ಟ್ರಂಕು ಮುಟ್ಟಿಲ್ಲ, ಅವಳ ಮೇಲೆ ಏನೂ ಇಟ್ಕೋಬೇಡಿ."

ನಾನು ಸ್ವಲ್ಪ ಹೊತ್ತು ಬೆಂಕಿಪೊಟ್ಟಣಗಳನ್ನು ಜೋಡಿಸಿದೆ. ಅವು ಮೊದಲೇ ಜೋಡಿಸಿದ್ದವು.

"ಏನಂದ್ಳು?" ಎಂದೆ.

"ಚಾಪೆ ಹೆಣೀತಿದ್ಳು, ಹೆಣೀತಾನೇ ಇದ್ಳು. ಕೊನೇಲಿ ಒಂದೇ ಮಾತು ಅಂದ್ಳು. 'ನಿಮ್ಮಪ್ಪ ದೋಣಿ ಹತ್ತೋ ಮುಂಚೆ ಮನೆಗೆ ಬಂದು ಹೋಗಿದ್ರು' ಅಂತ."

"ಹಂಗಂದ್ರೆ?"

"ನಂಗೆ ಗೊತ್ತಿಲ್ಲ ಮಾವ. ಆಗ ನಂಗೆ ಐದು ವರ್ಷ. ನಂಗೆ ಗೊತ್ತಿರೋದು ಇಷ್ಟೇ. ಊರಲ್ಲಿ ನಾನು ಏನಾದ್ರೂ ಹಟ ಮಾಡಿದ್ರೆ 'ಅಪ್ಪನ ಮಗಳು, ಮುಳುಗೋವರೆಗೂ ಕೇಳಲ್ಲ' ಅಂತಾರೆ. ಇಪ್ಪತ್ತೆರಡು ವರ್ಷ ಬಾಯಲ್ಲಿ ಹೇಳ್ತಿದ್ರು. ನೀವು ಅದನ್ನ ಅಚ್ಚು ಹಾಕ್ಸೋಕೆ ಹೊರಟಿದೀರಿ."

ಹೋಗುವಾಗ ಗೋಡೆ ರೇಡಿಯೋ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವಳು ಏನನ್ನೂ ಒಯ್ಯದೆ ನನ್ನ ಅಂಗಡಿ ಬಿಟ್ಟದ್ದು ಇದೇ ಮೊದಲು.

ಲಿತಿಯಾನಾಳ ಮಾತಿನ ಅರ್ಥ ನನಗೂ ತಿಳಿಯಲಿಲ್ಲ. ಹೆಂಗಸರು ಚಾಪೆ ಹೆಣೆಯುವಾಗ ಏನೇನೋ ಅನ್ನುತ್ತಾರೆ. ಇರಲಿ. ನಿಮ್ಮ ಹತ್ತಿರ ಕಾರ್ಬನ್ ಪ್ರತಿ ಇದೆಯಲ್ಲ. ಒಂಬತ್ತನೇ ಅಧ್ಯಾಯವನ್ನಷ್ಟು ಕೂಡಲೇ ಕಳಿಸಿಕೊಡಿ. ಅಕ್ಟೋಬರಿನಲ್ಲಿ ಅಚ್ಚಿಗೆ ಕೊಟ್ಟರೆ ಕ್ರಿಸ್‌ಮಸ್ಸಿಗೆ ಸರಿಹೋಗುತ್ತದೆ.

ಅಮಿನಿಯಾಸಿ

ಡನೀಡನ್
೫ ಅಕ್ಟೋಬರ್ ೧೯೯೮

ಅಮಿನಿಯಾಸಿ,

ಆ ಹದಿನಾಲ್ಕು ಪುಟ ನನ್ನ ಮೇಜಿನ ಎಡಗಡೆಯ ಸೆಳೆಖಾನೆಯಲ್ಲಿ ಕ್ಷೇಮವಾಗಿವೆ. ಕಳಿಸುವುದಿಲ್ಲ.

ಈಗ ಕಾರಣ ಹೇಳುತ್ತೇನೆ. ನಿನ್ನ ಪುಸ್ತಕದಲ್ಲಿ ಎಲ್ಲಕ್ಕೂ ಲೆಕ್ಕ ಇದೆ. ಯಾವ ಊರಿನಲ್ಲಿ ಎಷ್ಟು ಮೂಟೆ, ಹಾಯಿಗೆ ಎಷ್ಟು ತೇಪೆ, ಹಂದಿಮರಿ ಹಿಡಿಯಲು ಎಷ್ಟು ಜನ, ಅದರಲ್ಲಿ ಎಷ್ಟು ಜನ ನೀರಿಗೆ ಬಿದ್ದರು. ನಿನ್ನ ಮದುವೆಯ ಊಟಕ್ಕೆ ಬೇಯಿಸಿದ ಕೆಸುವಿನ ಗಡ್ಡೆಯನ್ನೂ ಎಣಿಸಿದ್ದೀಯ. ಒಂಬತ್ತನೇ ಅಧ್ಯಾಯದಲ್ಲಿ ಮಾತ್ರ ಒಂದು ಅಂಕಿಯೂ ಇಲ್ಲ. ಸಮಿಸೋನಿ 'ಒಂದು ದಿನ' 'ಕೆಲವು ಮೂಟೆ' ಹೇರಿಕೊಂಡು 'ಯಾರು ಬೇಡವೆಂದರೂ ಕೇಳದೆ' ಹೋಗುತ್ತಾನೆ, ಚಂಡಮಾರುತ ಬರುತ್ತದೆ, ದೋಣಿ ಸಿಗುತ್ತದೆ, ಅವನು ಸಿಗುವುದಿಲ್ಲ. ಆಮೇಲೆ ಹನ್ನೊಂದು ಪುಟ ದೇವರ ಚಿತ್ತದ ಬಗ್ಗೆ ಇದೆ.

ಇದು ನನಗೆ ಮಾರ್ಚಿನಲ್ಲೇ ಕಂಡಿತ್ತು. ಹೇಳಿದ್ದರೆ ನೀನು ಮಾರನೇ ದಿನವೇ ಅಂಕಿ ತುಂಬಿಸಿ ಕಳಿಸುತ್ತಿದ್ದೆ, ನೀನು ಜಾಣ. ಅದಕ್ಕೇ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯಲ್ಲಿಡು ಎಂದೆ. ಅಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದೆ. ಲಿತಿಯಾನಾಳಿಗೂ ಗೊತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಹಳೆಯದನ್ನು ನೋಡದೆ ಬರೆ.

ಹೆಸ್ಟರ್

ಡನೀಡನ್
೧೪ ಜನವರಿ ೧೯೯೯

ಪ್ರಿಯ ಅಮಿನಿಯಾಸಿ,

ಮೂರು ತಿಂಗಳಾಯಿತು. ಕ್ರಿಸ್‌ಮಸ್ ಕಾರ್ಡೂ ಇಲ್ಲ. ಹಡಗು ಕೆಟ್ಟಿದೆಯೋ ನಾನು ಕೆಟ್ಟವಳಾದೆನೋ? ಮುದುಕಿ ಮೇಡಂ ಹದ್ದು ಮೀರಿದಳು ಎನ್ನಿಸಿದ್ದರೆ ಹಾಗೆಂದೇ ಬರೆ. ನಿನ್ನ ಪುಟಗಳು ಬೇಕೇ ಬೇಕೆಂದರೆ ಕಳಿಸುತ್ತೇನೆ. ಲಕೋಟೆಗೆ ವಿಳಾಸ ಬರೆದು ಇಟ್ಟುಕೊಂಡಿದ್ದೇನೆ, ಅಂಟಿಸಿಲ್ಲ.

ಹೆಸ್ಟರ್

ದೆಲೈವಾಯ್
೨೧ ಫೆಬ್ರುವರಿ ೧೯೯೯

ಟೀಚರ್,

ಹಡಗು ಚೆನ್ನಾಗಿಯೇ ಓಡಾಡುತ್ತಿದೆ. ಕೆಟ್ಟು ಕೂತವನು ನಾನು. ಲಕೋಟೆ ಅಂಟಿಸಬೇಡಿ.

ನಿಮ್ಮ ಅಕ್ಟೋಬರಿನ ಕಾಗದಕ್ಕೆ ಒಂದು ವಾರ ಸಿಟ್ಟು ಮಾಡಿಕೊಂಡೆ. ಆಮೇಲೆ ಟೈಪ್‌ರೈಟರಿಗೆ ಒಂದು ಹಾಳೆ ಏರಿಸಿ, ನನಗೆ ಗೊತ್ತಿದ್ದ ಅಂಕಿಗಳನ್ನಷ್ಟೇ ಸಾಲಾಗಿ ಹೊಡೆದೆ. ೧೯೭೬, ಫೆಬ್ರುವರಿ ಹದಿನೇಳು, ಮಂಗಳವಾರ. ದಿಬ್ಬದ ಆಚೆ ಕಾಯುತ್ತಿದ್ದ ಹಡಗು ಒಂದು. ದಡದಲ್ಲಿ ಉಳಿದಿದ್ದ ಮೂಟೆ ಹನ್ನೊಂದು. ಸೆನಿಬುವಾಗೆ ಬೇಕಾದ ಆಳು ಇಬ್ಬರು, ಅಂದು ಬಂದವನು ಒಬ್ಬ. ಅಂಗಡಿಯ ಗೋಡೆಯಲ್ಲಿ ಗಾಳಿಯ ಒತ್ತಡ ತೋರಿಸುವ ಗಡಿಯಾರವಿತ್ತು. ಏಳು ಗಂಟೆಗೂ ಒಂಬತ್ತು ಗಂಟೆಗೂ ನಡುವೆ ಅದರ ಮುಳ್ಳು ನಾಲ್ಕು ಗೆರೆ ಇಳಿದಿತ್ತು, ಅಂದರೆ ಬಿರುಗಾಳಿ ಬರುತ್ತದೆ ಎಂದು. ಅದನ್ನು ನೋಡಿದವನು ನಾನೊಬ್ಬನೇ.

ಸಮಿಸೋನಿ ಬಾಗಿಲಲ್ಲೇ ನಿಂತು ಕೇಳಿದ: "ಭಾವಾ, ಗಡಿಯಾರ ಏನನ್ನುತ್ತೆ?"

"ಚೆನ್ನಾಗಿದೀನಿ ಅನ್ನುತ್ತೆ" ಎಂದೆ.

"ಆಕಾಶ ಹಂಗನ್ನಲ್ವಲ್ಲ."

"ನಿನ್ನ ತೋಳಲ್ಲಿ ಬಲ ಇಲ್ಲದ್ದಕ್ಕೆ ಆಕಾಶನ್ಯಾಕೆ ಬೈತೀಯ? ಹೋಗು, ನನ್ನ ತಂಗಿ ಹತ್ರ ಕೂತು ಚಾಪೆ ಹೆಣಿ."

ಭಾವ-ಮೈದುನರ ನಡುವೆ ಇಂಥ ಮಾತು ನಮ್ಮಲ್ಲಿ ದಿನಕ್ಕೆ ಹತ್ತು. ತಮಾಷೆಗೆ ತಮಾಷೆ ಹಿಂತಿರುಗಿಸಬೇಕು, ಹಿಂದೆ ಸರಿಯಬಾರದು. ಅದನ್ನು ಬಲ್ಲವನೇ ನಾನು ಅಂದದ್ದು. ಅವನು ನಕ್ಕ, ಹೊರಟ. ಆ ಹನ್ನೊಂದು ಮೂಟೆ ಹಡಗು ಸೇರದಿದ್ದರೆ ಮಳೆಗೆ ಕೊಳೆಯುತ್ತಿದ್ದವು ಎಂಬುದು ಮಾತ್ರ ನನ್ನ ತಲೆಯಲ್ಲಿತ್ತು. ದೋಣಿ ಹತ್ತುವ ಮೊದಲು ಅವನು ಮನೆಗೆ ಹೋದದ್ದು ನನಗೆ ಗೊತ್ತಿರಲಿಲ್ಲ. ಮಕೆರೆತಾಳ ಮೂಲಕ ಈಗ ಗೊತ್ತಾಗಿದೆ: "ಗಡಿಯಾರ ಚೆನ್ನಾಗಿದೆ ಅಂತ ನಿಮ್ಮಣ್ಣ ಹೇಳ್ದ" ಎಂದು ಲಿತಿಯಾನಾಳಿಗೆ ಹೇಳಿ ಹೋಗಿದ್ದ. ಅವಳು ಅದನ್ನು ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದಳು. ಯಾರನ್ನು ಕೇಳಬೇಕಿತ್ತೋ ಅವನೊಡನೆ ಮಾತಾಡುವ ಹಾಗಿರಲಿಲ್ಲ. ಮುಳ್ಳು ಸುಳ್ಳಾಡಿತೋ ಅಣ್ಣ ಸುಳ್ಳಾಡಿದನೋ ಅವಳಿಗೆ ಗೊತ್ತಿರಲಿಲ್ಲ. ಮುಳ್ಳು ಎಂದು ನಂಬಿಕೊಂಡಿದ್ದಳಂತೆ, ನನ್ನ ಒಂಬತ್ತನೇ ಅಧ್ಯಾಯ ಕೇಳುವವರೆಗೆ. ಗಡಿಯಾರ ಚೆನ್ನಾಗಿದೆ ಎಂದವನೇ ಅದರಲ್ಲಿ ಬೇಡವೆಂದವರ ಜೊತೆ ಸೇರಿಕೊಂಡಿದ್ದೆನಲ್ಲ.

ಹಾಳೆಯನ್ನು ಕೈಯಲ್ಲಿ ಹಿಡಿದು ಯಾರ ಬಾಗಿಲಿಗೂ ಹೋಗುವ ಹಾಗಿಲ್ಲ. ತಪ್ಪೊಪ್ಪಿಕೊಳ್ಳಲು ನಮ್ಮಲ್ಲಿ ಒಂದು ಕ್ರಮ ಇದೆ. ನನ್ನಲ್ಲಿದ್ದ ತಿಮಿಂಗಿಲದ ಹಲ್ಲನ್ನೂ ಕುಟ್ಟಿ ಕುಡಿಯುವ ಯಂಗೋನಾ ಬೇರಿನ ಒಂದು ಕಟ್ಟನ್ನೂ ತೆಗೆದುಕೊಂಡು ಜನವರಿಯಲ್ಲಿ ಸಮಿಸೋನಿಯ ಅಣ್ಣನ ಮುಂದೆ ಕೂತೆ. ನೆಲ ನೋಡುತ್ತಾ ಎಲ್ಲ ಹೇಳಿದೆ. ಅವನು ಹಲ್ಲನ್ನು ಮುಟ್ಟದೆ ಬಹಳ ಹೊತ್ತು ಕೂತಿದ್ದ. ಕೊನೆಗೆ ತೆಗೆದುಕೊಂಡ. "ಫೆಬ್ರುವರಿ ಹದಿನೇಳಕ್ಕೆ ಲಿತಿಯಾನಾಳ ಮನೇಲೂ ಓದು" ಎಂದ, ಅಷ್ಟೇ.

ಮೊನ್ನೆ ಬುಧವಾರ ಓದಿದೆ. ಮಕೆರೆತಾ ನನ್ನೆದುರು ಕೂತಿದ್ದಳು. ಲಿತಿಯಾನಾ ಬಿದಿರು ತಟ್ಟಿಯ ಆಚೆ. ಹೊಸ ಅಧ್ಯಾಯ ನಾಲ್ಕು ಪುಟ. ದೇವರ ಚಿತ್ತ ಎಲ್ಲೂ ಬರುವುದಿಲ್ಲ. ಓದಿ ಮುಗಿಸಿದಾಗ ಕನ್ನಡಕ ಮಸುಕಾಗಿತ್ತು, ಒರೆಸಿಕೊಂಡೆ. ಮಕೆರೆತಾ ಬೆರಳಿನ ಗೆಣ್ಣು ಎಣಿಸುತ್ತಿದ್ದಳು.

"ನಾಲ್ಕು ಗೆರೆ" ಎಂದಳು. "ನಮ್ಮಪ್ಪ ಹಟಮಾರಿ ಅಲ್ಲ. ಕೇಳ್ಕೊಂಡೇ ಹೋಗಿದ್ದ."

"ಕೇಳ್ಕೊಂಡೇ ಹೋಗಿದ್ದ" ಎಂದೆ.

"ಇದನ್ನ ಅಚ್ಚು ಹಾಕಿಸ್ತೀರಾ ಮಾವ? ಚರ್ಚಲ್ಲಿ ಮುಂದಿನ ಸಾಲು ಹೋಗುತ್ತೆ."

"ಹಿಂದಿನ ಸಾಲಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಕಣೇ."

ಅವಳು ನಗಲಿಲ್ಲ. ಆಗ ತಟ್ಟಿಯ ಆಚೆಯಿಂದ ಲಿತಿಯಾನಾ ಮಗಳಿಗೆ ಹೇಳುವಂತೆ ಹೇಳಿದಳು, ನನಗೂ ಕೇಳುವಷ್ಟು ಗಟ್ಟಿಯಾಗಿ: "ಕೊನೇಲಿ ನಿಮ್ಮಪ್ಪ ಏನಂದ್ರು ಅಂತ ಕೇಳು."

ನಾನೂ ಮಕೆರೆತಾಳ ಮುಖ ನೋಡಿಯೇ ಹೇಳಿದೆ. ನಯವಾದ ಒಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು: ಹೆಂಡತಿಯನ್ನು ನೋಡಿಕೋ ಎಂದ, ಮಗಳನ್ನು ಓದಿಸು ಎಂದ, ಹೀಗೆ. ಯಾರು ಬೇಡವೆನ್ನುತ್ತಿದ್ದರು? ನುಂಗಿಕೊಂಡೆ.

"ನಿನ್ನ ಬಗ್ಗೆ, ನಿಮ್ಮಮ್ಮನ ಬಗ್ಗೆ ಏನೂ ಹೇಳ್ಲಿಲ್ಲ. ಹಾಯಿ ಎಳೀತಾ ನನ್ನ ಕಡೆ ತಿರುಗಿ, 'ಭಾವಾ, ಗಾಳಿ ಸಾಲದೇ ಹೋದ್ರೆ ವಾಪಸ್ ಬಂದು ನಿನ್ನ ಬಾಯಿ ಮುಂದೆ ಹಾಯಿ ಕಟ್ಕೋತೀನಿ' ಅಂದ. ಅಷ್ಟೇ."

ತಟ್ಟಿಯ ಆಚೆ ಕೆಮ್ಮಿದ ಹಾಗಾಯಿತು. ಅದು ಕೆಮ್ಮಲ್ಲ ಎಂದು ತಿಳಿಯಲು ನನಗೂ ಮಕೆರೆತಾಳಿಗೂ ಸ್ವಲ್ಪ ಹೊತ್ತು ಬೇಕಾಯಿತು, ಲಿತಿಯಾನಾ ನಗುತ್ತಿದ್ದಳು. ನಕ್ಕು, ಮೂಗು ಒರೆಸಿಕೊಂಡು, ಮಗಳಿಗೇ ಹೇಳಿದಳು:

"ಅದನ್ನೂ ಬರೀಬೇಕಂತೆ ಅನ್ನು. ಅವರು ನಗಿಸ್ತಿದ್ರು ಅನ್ನೋದು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ."

ಕ್ಷಮಿಸಿದಳೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಅವಳು ಕೇಳಿದ್ದು ಇದೊಂದೇ.

ಮನೆಗೆ ಬಂದು ಇಡೀ ಕಟ್ಟನ್ನು ಮೊದಲ ಪುಟದಿಂದ ಓದಿದೆ, ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ. ಅವಳು ಹೇಳಿದ್ದು ಸರಿ. ಎರಡನೇ ಅಧ್ಯಾಯದಿಂದಲೇ ಸಮಿಸೋನಿ ನನ್ನ ದೋಣಿಯಲ್ಲಿದ್ದಾನೆ. ಆದರೆ ಅವನನ್ನು 'ಆಳು' ಎಂದು ಬರೆದಿದ್ದೇನೆ, ನಲವತ್ತಮೂರು ಕಡೆ. ಹಂದಿಮರಿಯ ಅಧ್ಯಾಯದಲ್ಲಿ ನೀವು ನಕ್ಕ ಮಾತುಗಳಿವೆಯಲ್ಲ, ಅವು ನನ್ನವಲ್ಲ, ಅವನವು. ನನ್ನ ಬಾಯಲ್ಲಿ ಹಾಕಿಕೊಂಡಿದ್ದೆ.

ಈ ಕ್ರಿಸ್‌ಮಸ್ಸಿಗೂ ಪುಸ್ತಕ ಆಗಲಾರದು. ಒಂದೊಂದಾಗಿ ಅವನ ಮಾತುಗಳನ್ನು ಅವನಿಗೆ ಕೊಡುತ್ತಿದ್ದೇನೆ. ಇವತ್ತು ಬೆಳಿಗ್ಗೆ, ಹತ್ತೊಂಬತ್ತನೇ ಪುಟದಲ್ಲಿ, ಮೊದಲ ಸಲ ಬಾಯಿ ತೆರೆದ. ಇನ್ನು ಅವನನ್ನು ಸುಮ್ಮನಿರಿಸುವುದು ಕಷ್ಟ.

ಅಮಿನಿಯಾಸಿ